ಕಿವಿಯಿಲ್ಲದ ಪ್ಯಾಲಿಯ ಊರಿನಲ್ಲಿ

ಚಿದ್ರಿ

ಚಹಾದ ಕಪ್ಪಿಗೆ ಕಿವಿ ಇರಲೇಬೇಕು ಎಂಬುದು ನಮ್ಮ ಮನೆಯ ಕಾನೂನು. ಕಿವಿ ಎಂದರೆ ಬೆರಳು ತೂರಿಸಿ ಹಿಡಿಯುವ ಹಿಡಿಕೆ. ಬೀದರ್ ಕಡೆ ನಾವು ಅನ್ನುವುದೇ ಹಾಗೆ. ಕಿವಿ ಮುರಿದ ಕಪ್ಪು ನಮ್ಮ ಅಡುಗೆಮನೆಯಲ್ಲಿ ಮರುದಿನಕ್ಕೆ ಉಳಿಯುವುದಿಲ್ಲ. ಅದರಲ್ಲಿ ಪೆನ್ನು ನಿಲ್ಲಿಸೋಣ, ಕೊತ್ತಂಬರಿ ಬೀಜ ಹಾಕೋಣ ಎಂದು ಯಾರಾದರೂ ಹೇಳಿದರೆ ಅವ್ವ ಕಿವಿಗೇ ಹಾಕಿಕೊಳ್ಳುವುದಿಲ್ಲ. ನೇರ ಕಸದ ಗಾಡಿಗೆ ರವಾನೆ.

ನಾನು ಔರಾದಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬೀದರಿನ ಚಿದ್ರಿಯಲ್ಲಿ ಮನೆ, ದಿನಾ ಬಸ್ಸು. ನನಗೆ ಬಂಗಾರದ ಹುಚ್ಚಿಲ್ಲ, ಸೀರೆಯ ಹುಚ್ಚು ಅಷ್ಟಕ್ಕಷ್ಟೇ. ಇರುವುದು ಕಪ್ಪು-ಬಶಿ ಮತ್ತು ಕಿಟ್ಲಿಯ ಹುಚ್ಚು. ಬಶಿ ಎಂದರೆ ಸಾಸರು, ಕಿಟ್ಲಿ ಎಂದರೆ ಚಹಾ ಬಗ್ಗಿಸುವ ಪಿಂಗಾಣಿ ಪಾತ್ರೆ. ಬಟ್ಟೆಗೆ ಒಂದು ಕಪಾಟಿದ್ದರೆ ಇವಕ್ಕೆ ಎರಡಿವೆ. ಕಪ್ಪಿನ ಅಂಚು ತೆಳ್ಳಗಿರಬೇಕು, ತುಟಿಗೆ ತಾಗಿದ್ದೇ ಗೊತ್ತಾಗಬಾರದು. ಒಳಗೆ ಬಿಳಿ ಇರಬೇಕು, ಇಲ್ಲದಿದ್ದರೆ ಚಹಾದ ಬಣ್ಣ ತಿಳಿಯುವುದು ಹೇಗೆ? ಮಗ್ಗು ಸ್ನಾನದ ಮನೆಗೆ ಸರಿ. ಕಿಟ್ಲಿಯ ಪರೀಕ್ಷೆ ಇನ್ನೂ ಕಟ್ಟುನಿಟ್ಟು: ಬಗ್ಗಿಸಿ ಎತ್ತಿದ ಮೇಲೆ ಕೊನೆಯ ಹನಿ ಮೂತಿಯೊಳಗೇ ವಾಪಸು ಹೋಗಬೇಕು, ಗದ್ದಕ್ಕೆ ಇಳಿದು ಮೇಜಿನ ಬಟ್ಟೆಯ ಮೇಲೆ ಬಿದ್ದರೆ ಆ ಕಿಟ್ಲಿ ನಪಾಸು. ಅಂಗಡಿಯಲ್ಲೇ ನೀರು ತುಂಬಿಸಿ ನೋಡದೆ ನಾನು ಕೊಳ್ಳುವುದಿಲ್ಲ. ಭಾಲ್ಕಿಯ ಪಾತ್ರೆ ಅಂಗಡಿಯವರು ನನ್ನನ್ನು ಕಂಡ ಕೂಡಲೇ ತಂಬಿಗೆಯಲ್ಲಿ ನೀರು ತಂದಿಡುತ್ತಾರೆ. ಬಿದರಿ ಕೆಲಸದ ಕಿಟ್ಲಿಯೂ ಒಂದಿದೆ, ಕರಿ ಮೈಯ ಮೇಲೆ ಬೆಳ್ಳಿ ಬಳ್ಳಿ. ಅದು ನೋಡುವುದಕ್ಕೆ ಮಾತ್ರ. ಮದುವೆ ಮನೆಯಲ್ಲಿ ಬೀಗರು ಕೂತ ಹಾಗೆ ಕೂತಿರುತ್ತದೆ.

"ಕುಡಿಯೋರು ಮೂರು ಮಂದಿ, ಕಪ್ಪು ಅರ್ಧಾ ಚಿದ್ರಿಗಿ ಸಾಲ್ತಾವ" ಎಂದು ನಮ್ಮ ಯಜಮಾನರು ಕಿಚಾಯಿಸುತ್ತಾರೆ. ಕಿಚಾಯಿಸಲಿ.

ಈ ಹುಚ್ಚು ಎಲ್ಲಿಂದ ಬಂತು ಎಂದು ಬಹಳ ಹುಡುಕಬೇಕಾಗಿಲ್ಲ. ನಾವು ಬೌದ್ಧರು. ಅವ್ವ ಸಣ್ಣವಳಿದ್ದಾಗ ಊರು ನಮ್ಮನ್ನು ಬೇರೆ ಹೆಸರಿನಿಂದ ಕರೆಯುತ್ತಿತ್ತು. ಅವ್ವ ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಿದ್ದ ಮನೆಗಳಲ್ಲಿ ಅವಳಂಥವರಿಗೆಂದೇ ಕಿವಿ ಮುರಿದ ಕಪ್ಪೊಂದು ಹೊರಗಿನ ಗೂಡಿನಲ್ಲಿ ಇರುತ್ತಿತ್ತು. ಎತ್ತರದಿಂದ, ಅರ್ಧದಷ್ಟು ಚಹಾ ಸುರಿಯುತ್ತಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಆಗ ಸುತ್ತಲಿನ ಊರುಗಳೆಲ್ಲ ಹೆಚ್ಚುಕಡಿಮೆ ಹೀಗೇ ಇದ್ದವು. ಮದುವೆಯಾಗಿ ಮೆಹಕರಕ್ಕೆ ಬಂದ ಮೇಲೆ, ಅಪ್ಪನಿಗೆ ನೌಕರಿ ಸಿಕ್ಕಾಗ ಮನೆಗೆ ಮೊದಲು ಬಂದ ಸಾಮಾನು ಕಿವಿಯಿದ್ದ ಕಪ್ಪು ಮತ್ತು ಬಶಿ. ಅಂದಿನಿಂದ ನಮ್ಮಲ್ಲಿ ಯಾರೇ ಬರಲಿ, ಚಹಾ ಬಶಿಗೆ ಉಕ್ಕುವಷ್ಟು ತುಂಬಿಸಿ ಕೊಡಬೇಕು. ಮತ್ತು ಮನುಷ್ಯರನ್ನು ಅಳೆಯುವುದಕ್ಕೆ ಅವ್ವನ ಬಳಿ ಇರುವ ಅಳತೆಯೂ ಒಂದೇ: ಅವರು ಯಾವ ಕಪ್ಪು ಕೊಡುತ್ತಾರೆ?

ನನ್ನ ಮಗಳು ಪ್ರಜ್ಞಾ ಉಜ್ಬೇಕಿಸ್ತಾನದ ಸಮರ್ಕಂದಿನಲ್ಲಿ ಡಾಕ್ಟರಿ ಓದುತ್ತಿದ್ದಾಳೆ. ಹಾಸ್ಟೆಲಿನ ಊಟ ಹಿಡಿಸದೆ ದಿಲ್‌ಬರ್ ಎಂಬ ಹೆಂಗಸಿನ ಮನೆಯಲ್ಲಿ ಕೋಣೆ ಬಾಡಿಗೆಗೆ ಹಿಡಿದಳು. ಒಂದು ದಿನ ವಿಡಿಯೊ ಕಾಲಿನಲ್ಲಿ ಮಾತಾಡುತ್ತ ಏನೋ ಗುಟುಕರಿಸಿದಳು. ಅವ್ವ ಕನ್ನಡಕ ಸರಿಮಾಡಿಕೊಂಡು ಫೋನಿನ ಹತ್ತಿರ ಹೋದಳು.

"ಅದರ ಕಿವಿ ಎಲ್ಲದ?"

"ಇಲ್ಲಿ ಪ್ಯಾಲಿಗಿ ಕಿವೀನೇ ಇರಂಗಿಲ್ಲ ಆಯಿ. ಎಲ್ಲಾರೂ ಇದರಾಗೇ ಕುಡೀತಾರ." ಅಜ್ಜಿಗೆ ಅವಳು ಆಯಿ ಅನ್ನುತ್ತಾಳೆ.

"ಎಲ್ಲಾರೂ ಅಂದ್ರ, ಆ ಮನಿ ಮಾಲಕೀನೂ?"

"ಹೂಂ, ಆಕೀನೂ."

ಅವ್ವ ಫೋನು ನನ್ನ ಕೈಗೆ ಕೊಟ್ಟಳು. "ಹುಡುಗಿ ನನಗ ಸಮಾಧಾನ ಮಾಡ್ಲಿಕತ್ತಾಳ. ನಾ ಹೋಗಿ ಕಣ್ಣಿಲೆ ನೋಡ್ತೇನಿ. ಅಲ್ಲಿ ಆಕಿಗಿ ಇಜ್ಜತ್ ಇಲ್ಲಂದ್ರ ಸಾಮಾನು ಕಟ್ಟಿಸಿ ಕರ್ಕೊಂಡು ಬರ್ತೇನಿ. ಡಾಕ್ಟರಿ ಹೋದ್ರ ಹೋಗ್ಲಿ."

ಇದು ಬರೀ ಬೆದರಿಕೆಯಲ್ಲ. ನನ್ನನ್ನು ಒಮ್ಮೆ ಮದುವೆಯ ಪಂಕ್ತಿಯಿಂದ ಅರ್ಧ ಊಟದಲ್ಲಿ ಎಬ್ಬಿಸಿಕೊಂಡು ಬಂದವಳು ಅವಳು. ಬೇಸಿಗೆ ರಜೆ ಬಿದ್ದದ್ದೇ ನಾವಿಬ್ಬರೂ ಹೊರಟೆವು.

ತಾಷ್ಕೆಂಟ್

ಅವ್ವ ತನ್ನ ಕಪ್ಪು-ಬಶಿಯನ್ನು ಸ್ವೆಟರಿನಲ್ಲಿ ಸುತ್ತಿ ಜತೆಗೆ ತಂದಿದ್ದಳು. ಪರದೇಶದಲ್ಲಿ ಯಾರ ಹಂಗೂ ಬೇಡವೆಂದು. ಹೋಟೆಲಿನ ಕೋಣೆಯಲ್ಲಿ ಬಿಚ್ಚಿ ನೋಡಿದರೆ ಬಶಿ ನೆಟ್ಟಗಿದೆ, ಕಪ್ಪೂ ನೆಟ್ಟಗಿದೆ, ಕಿವಿ ಮಾತ್ರ ಬೇರೆಯಾಗಿ ಸ್ವೆಟರಿನ ತೋಳಿನಲ್ಲಿ ಕೂತಿದೆ. ಅವ್ವ ಅದನ್ನು ಅಂಗೈಯಲ್ಲಿಟ್ಟು ನೋಡಿದಳು. ನಾನು ನಗಬಾರದಿತ್ತು, ನಕ್ಕೆ. ನನಗೂ ಬೈಗುಳ ಬಿತ್ತು, ವಿಮಾನದವರಿಗೂ ಬಿತ್ತು.

ಮನೆಯ ಕಾನೂನಿನಂತೆ ಕಪ್ಪು ಕಸದ ಬುಟ್ಟಿ ಸೇರಿತು. ಬೆಳಿಗ್ಗೆ ನಾವು ಸ್ಟೇಷನ್ನಿಗೆ ಟ್ಯಾಕ್ಸಿ ಹತ್ತುವಾಗ ಕೋಣೆ ಗುಡಿಸುವ ಹೆಂಗಸು ಏದುಸಿರು ಬಿಡುತ್ತ ಓಡಿ ಬಂದಳು. ಕಪ್ಪನ್ನು ತೊಳೆದು, ಒರೆಸಿ, ಮುರಿದ ಕಿವಿಯನ್ನು ಕಾಗದದಲ್ಲಿ ಮಡಚಿ ಒಳಗಿಟ್ಟಿದ್ದಳು. ಎದೆಯ ಮೇಲೆ ಕೈಯಿಟ್ಟು ಬಾಗಿ, ಅವ್ವನ ಮಡಿಲಿಗೇ ಇಟ್ಟಳು. ಸ್ಟೇಷನ್ನಿನಲ್ಲಿ ಅವ್ವ ಅದನ್ನು ಮೆಲ್ಲಗೆ ಬೆಂಚಿನ ಕೆಳಗೆ ಸರಿಸಿ ಎದ್ದಳು. ಪೊಲೀಸಿನವನೊಬ್ಬ ಕೂಗುತ್ತ ಹಿಂದೆ ಬಂದು ಕೊಟ್ಟುಹೋದ.

"ಇವರ ಊರಾಗ ಒಂದು ಕಪ್ಪು ಒಗೀಲಿಕ್ಕೂ ಬಿಡಂಗಿಲ್ಲಲ್ಲ!" ಎಂದು ಅವ್ವ ಸೋತು ಅದನ್ನು ನನ್ನ ಚೀಲಕ್ಕೆ ತುರುಕಿದಳು.

ಸಮರ್ಕಂದ್

ದಿಲ್‌ಬರ್ ಆಪಾ ಅವರ ಮನೆ ಅಂಗಳದ ಸುತ್ತ ಇದೆ. ಅಕ್ಕನಿಗೆ ಅಲ್ಲಿಯೂ ಆಪಾ ಅನ್ನುತ್ತಾರೆಂದು ಕೇಳಿ ಅವ್ವನಿಗೆ ಅರ್ಧ ಬೀದರ್ ಸಿಕ್ಕಷ್ಟು ಖುಷಿ. ಮೇಲೆ ದ್ರಾಕ್ಷಿ ಚಪ್ಪರ, ಕೆಳಗೆ ಹತ್ತು ಮಂದಿ ಕೂರುವಂಥ ಅಗಲದ ಮಂಚ, ನಡುವೆ ಗಿಡ್ಡ ಮೇಜು. ಆಪಾ ನಕ್ಕರೆ ಎರಡು ಬಂಗಾರದ ಹಲ್ಲು ಹೊಳೆಯುತ್ತವೆ. ನಮ್ಮನ್ನು ಕೂರಿಸಿ, ದುಂಡನೆಯ ರೊಟ್ಟಿ, ಒಣದ್ರಾಕ್ಷಿ, ಜರ್ದಾಳು, ಬಾದಾಮಿ ಎಲ್ಲ ಹರವಿ, ಕಿಟ್ಲಿ ತಂದರು.

ಆ ಕಿಟ್ಲಿಯನ್ನು ಹೇಗೆ ಹೇಳಲಿ! ಗಾಢ ನೀಲಿ, ಅಂಚಿಗೆ ಬಂಗಾರದ ಗೆರೆ, ಹೊಟ್ಟೆಯ ಮೇಲೆ ಬಿರಿದ ಬಿಳಿ ಹತ್ತಿ. ಮೂತಿಯ ತುದಿ ಎಂದೋ ಒಡೆದಿತ್ತು. ಅದಕ್ಕೆ ತಗಡಿನ ಟೊಪ್ಪಿಗೆ ಕೂರಿಸಿದ್ದರು. ಆಪಾರ ಅಜ್ಜಿಯ ಕಾಲದ್ದಂತೆ, ನೆಂಟರು ಬಂದಾಗ ಮಾತ್ರ ಇಳಿಸುತ್ತಾರಂತೆ. ನನಗೆ ಬಾಯಲ್ಲಿ ನೀರು ಬಂತು. ನನ್ನ ಕಣ್ಣು ಕಿಟ್ಲಿಯ ಮೇಲೆ, ಅವ್ವನ ಕಣ್ಣು ಪ್ಯಾಲಿಗಳ ಮೇಲೆ. ಅವು ಬಟ್ಟಲುಗಳು. ಕಿವಿಯ ಗುರುತೇ ಇಲ್ಲ.

ಆಪಾ ಒಂದು ಪ್ಯಾಲಿಗೆ ಚಹಾ ಬಗ್ಗಿಸಿ ಅದನ್ನು ತಿರುಗಿ ಕಿಟ್ಲಿಗೇ ಸುರಿದರು. ಮತ್ತೆ ಬಗ್ಗಿಸಿದರು, ಮತ್ತೆ ಸುರಿದರು.

"ಇದೇನಿದು, ಪ್ಯಾಲಿ ತೊಳೀಲಿಕತ್ತಾಳೇನ?" ಅವ್ವ ನನ್ನ ಕಿವಿಯಲ್ಲಿ ಕೇಳಿದಳು.

"ಬಣ್ಣ ಬರೋಬ್ಬರಿ ಇಳೀಲಿ ಅಂತ ಹಂಗ ಮಾಡ್ತಾರ ಆಯಿ" ಎಂದಳು ಪ್ರಜ್ಞಾ.

ಆಮೇಲೆ ಆಪಾ ಮೊದಲು ತಾವು ಒಂದು ಗುಟುಕು ಕುಡಿದು, ನಮಗೆ ಒಂದೊಂದು ಪ್ಯಾಲಿಯಲ್ಲಿ ಅರ್ಧಕ್ಕೂ ಕಡಿಮೆ ಹಾಕಿ, ಎದೆಗೆ ಕೈಯಿಟ್ಟು ಮುಂದೆ ಹಿಡಿದರು. ಅವ್ವ ತನ್ನ ಪ್ಯಾಲಿಯನ್ನು ನೋಡಿದಳು, ಮೊಮ್ಮಗಳದ್ದನ್ನು ನೋಡಿದಳು. ಕಿವಿ ಇಲ್ಲ, ಹಾಲಿಲ್ಲ, ಸಕ್ಕರೆ ಇಲ್ಲ, ತುಂಬಾ ಹಾಕಿಲ್ಲ, ಕಿಟ್ಲಿಯ ಬಾಯಿ ಒಡೆದಿದೆ. ಮುಖದ ಬಣ್ಣ ಇಳಿಯಿತು. ಆದರೆ ಎದುರಿಗಿದ್ದವಳ ಮುಖ ಕೆಡಿಸಲು ಮನಸ್ಸಾಗಲಿಲ್ಲ. ಇಬ್ಬರಿಗೂ ತಿಳಿಯುವ ಶಬ್ದವೊಂದನ್ನು ಹುಡುಕಿ, ಹೊಟ್ಟೆ ಮುಟ್ಟಿಕೊಂಡು "ರೋಜಾ" ಅಂದುಬಿಟ್ಟಳು, ಉಪವಾಸ ಎಂಬಂತೆ.

ಆಪಾರ ಕಣ್ಣಲ್ಲಿ ಗೌರವ ಉಕ್ಕಿತು. ಅವ್ವನ ಮುಂದಿದ್ದ ಪ್ಯಾಲಿ ಸರಿಯಿತು. ಜತೆಗೆ ರೊಟ್ಟಿ ಸರಿಯಿತು, ಬಾದಾಮಿ ಸರಿಯಿತು, ಅವ್ವ ಬಂದಾಗಿನಿಂದ ನೋಡುತ್ತಿದ್ದ ಜರ್ದಾಳಿನ ತಟ್ಟೆಯೂ ಸರಿಯಿತು. ನಾವೆಲ್ಲ ತಿಂದೆವು. ಅವ್ವ ಹೊತ್ತು ಮುಳುಗುವವರೆಗೆ ದ್ರಾಕ್ಷಿ ಚಪ್ಪರ ನೋಡುತ್ತ ಕೂತಳು. ಸಂಜೆ ಆಪಾ ಗಜ್ಜರಿ ಹಾಕಿದ ಪಲಾವಿನ ದೊಡ್ಡ ಪರಾತ ತಂದು, ಮೊದಲ ತುತ್ತು ಅವ್ವನಿಗೇ ಎಂದು ಎಲ್ಲರನ್ನೂ ತಡೆದು ನಿಲ್ಲಿಸಿದರು. ಅವ್ವ ಊಟ ಮಾಡಿದ್ದನ್ನು ನೋಡಿದರೆ ರೋಜಾ ಸುಳ್ಳೆಂದು ಯಾರೂ ಹೇಳುತ್ತಿರಲಿಲ್ಲ. ಚಹಾ ಬಂದಾಗ ಮಾತ್ರ, ಅಭ್ಯಾಸವಿಲ್ಲ ಎಂದು ಕೈಯಾಡಿಸಿದಳು. ದಿನಕ್ಕೆ ಐದು ಸಲ ಚಹಾ ಕುಡಿಯುವವಳು!

"ಆಕಿ ತಾನೂ ಅಂಥಾದ್ರಾಗೇ ಕುಡದ್ಳಲ್ಲವ್ವ, ನೋಡಿದಿಲ್ಲೋ?" ಎಂದು ಕೋಣೆಗೆ ಬಂದ ಮೇಲೆ ಕೇಳಿದೆ.

"ಮೆಹಮಾನರ ಮುಂದ ಕುಡದ್ಳು. ದಿನಾ ಯಾನ್ ಮಾಡ್ತಾಳೋ ಯಾರಿಗಿ ಗೊತ್ತು? ಮನಸ್ಸೇನೋ ಛಲೋ ಅದ. ಆದ್ರ ಮನಸ್ಸು ಛಲೋ ಇದ್ದೋರೂ ಆಗ ಗೂಡಿನ್ಯಾಗಿನ ಕಪ್ಪೇ ಕೊಡ್ತಿದ್ರು."



ಸಿಯಾಬ್ ಬಜಾರ್

ಸಮರ್ಕಂದಿನ ನೀಲಿ ಗುಮ್ಮಟಗಳ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ಅವ್ವ ಅವುಗಳ ಮುಂದೆ ನಿಂತು ಒಂದೇ ಮಾತು ಹೇಳಿದಳು: "ನಮ್ಮ ಬೀದರ್ ಮದರಸಾದ ನೀಲಿ ಉದುರಿ ಹೋಗ್ಯಾದ, ಇವರದ್ದು ಉಳಿದದ." ನನಗೆ ಪಾಠ ಮಾಡುವ ಅವಕಾಶವೇ ಸಿಗಲಿಲ್ಲ.

ಬಜಾರಿನಲ್ಲಿ ಕಿಟ್ಲಿಗಳು ಬದನೆಕಾಯಿಯಂತೆ ರಾಶಿ ಬಿದ್ದಿದ್ದವು. ಎಲ್ಲದರ ಮೇಲೂ ಅದೇ ಬಿರಿದ ಹತ್ತಿ. ಅವ್ವ ಒಂದನ್ನು ಎತ್ತಿ ಬೆರಳಾಡಿಸಿ, "ಬಿಡಿಸೋ ಕೈಗಿ ಹತ್ತೋ ಮುಳ್ಳು ಮಾತ್ರ ಬರದಿಲ್ಲ ನೋಡು" ಅಂದಳು. ನಾನು ಒಂದು ಚಿಕ್ಕ ಕಿಟ್ಲಿ ಆರಿಸಿ, ಪರೀಕ್ಷೆಗೆ ನೀರು ಬೇಕೆಂದು ಕೈಸನ್ನೆ ಮಾಡಿದೆ. ಅಂಗಡಿಯ ಹೆಂಗಸು ನನಗೆ ಬಾಯಾರಿಕೆ ಎಂದು ತಿಳಿದು ಸ್ಟೂಲು ಹಾಕಿ, ರೊಟ್ಟಿ ಮುರಿದು, ಚಹಾ ಕೊಟ್ಟಳು. ಕುಡಿದು ಮುಗಿಸಿ ಮತ್ತೆ ಸನ್ನೆ ಮಾಡಿದೆ. ಮತ್ತೆ ಚಹಾ ಬಂತು. ಕೊನೆಗೆ ಅದನ್ನೇ ಕಿಟ್ಲಿಗೆ ಸುರಿದು ಬಗ್ಗಿಸಿ ತೋರಿಸಿದಾಗ ಅವಳು ಬಿದ್ದು ಬಿದ್ದು ನಕ್ಕು ಪಕ್ಕದ ಅಂಗಡಿಯವರನ್ನೂ ಕರೆದಳು. ಹನಿ ವಾಪಸು ಹೋಯಿತು. ಕಿಟ್ಲಿ ಪಾಸು.

ಅಷ್ಟರಲ್ಲಿ ಅವ್ವ ಎಲ್ಲಿಂದಲೋ ಕಿವಿಯಿದ್ದ ಎರಡು ಕಪ್ಪು, ಬಶಿಸಮೇತ, ಹುಡುಕಿ ತಂದಿದ್ದಳು. ಜತೆಗೆ ಹಾಲು, ಸಕ್ಕರೆ, ಶುಂಠಿ.

"ಇವತ್ತ ಆಕಿಗಿ ನಾ ಚಾ ಕುಡಸ್ತೇನಿ. ಇಜ್ಜತ್ ಅಂದ್ರ ಹ್ಯಾಂಗಿರ್ತದ ನೋಡ್ಲಿ."

ಸಂಜೆ ಪ್ರಜ್ಞಾ ಇನ್ನೂ ಕಾಲೇಜಿನಿಂದ ಬಂದಿರಲಿಲ್ಲ. ಅವ್ವ ಚಹಾ ಕುದಿಸಿ ಆಪಾರನ್ನು ಮಂಚದ ಮೇಲೆ ಕೂರಿಸಿದಳು. ನಮ್ಮ ರೀತಿಯಂತೆ ಅಂಚಿನವರೆಗೆ, ಅಂಚು ದಾಟಿ ಬಶಿಗೂ ಉಕ್ಕುವಷ್ಟು ತುಂಬಿಸಿ, ಎರಡೂ ಕೈಯಿಂದ ಮುಂದೆ ಇಟ್ಟಳು. ಆಪಾ ಕಪ್ಪು ನೋಡಿದರು, ಅವ್ವನನ್ನು ನೋಡಿದರು. ಮುಖ ಕೆಂಪಾಯಿತು. ಎರಡು ಗುಟುಕು ಕುಡಿದು, ಎದೆಗೆ ಕೈಯಿಟ್ಟು, ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ಶುಂಠಿ ಜಾಸ್ತಿ ಆತೇನ?" ಎಂದಳು ಅವ್ವ.

ಪ್ರಜ್ಞಾ ಬಂದು ಮೇಜಿನ ಮೇಲಿನ ಕಪ್ಪು ಕಂಡವಳೇ ಹಣೆ ಬಡಿದುಕೊಂಡಳು. "ಆಯಿ! ಇಲ್ಲಿ ತುಂಬಿಸಿ ಕೊಟ್ರ, ಇನ್ನ ಎದ್ದು ಹೋಗ್ರಿ ಅಂತ ಅರ್ಥ. ಜರಾ ಜರಾ ಹಾಕಿದ್ರ, ಮತ್ತ ಮತ್ತ ಹಾಕ್ತೇವಿ, ಬಹಳ ಹೊತ್ತು ಕೂಡ್ರಿ ಅಂತ. ಆಪಾ ನಿನಗ ಅರ್ಧಾ ಕೊಟ್ಟಿದ್ದು ಅದಕ್ಕ!"

"ಅಂದ್ರ, ನಾ ಆಕೀನ ಆಕಿ ಮನ್ಯಾಗಿಂದೇ ಎಬ್ಬಿಸಿದ್ನಾ?" ಎಂದು ಅವ್ವ ಎದ್ದು ಹೋಗಿ ಆಪಾರ ಹೊಸ್ತಿಲ ಮುಂದೆ ಕೂತುಬಿಟ್ಟಳು.

ಬಾಗಿಲು ತೆರೆಯಿತು. ಪ್ರಜ್ಞಾ ಎಲ್ಲ ಬಿಡಿಸಿ ಹೇಳಿದಳು. ಆಪಾ ಬಂಗಾರದ ಹಲ್ಲು ತೋರಿಸಿ ನಕ್ಕರು, ಆಮೇಲೆ ನಗು ನಿಲ್ಲಿಸಿ ಏನೋ ಕೇಳಿದರು. "ತಮ್ಮ ಚಾ ಯಾಕ ಬ್ಯಾಡಂತ ಕೇಳ್ಲಿಕತ್ತಾರ. ಹೇಳ್ಲೇನ ಆಯಿ?" ಎಂದಳು ಪ್ರಜ್ಞಾ.

ಅವ್ವ ತಲೆಯಾಡಿಸಿದಳು. ಪ್ರಜ್ಞಾ ತನಗೆ ಬಂದಷ್ಟು ಅವರ ಭಾಷೆಯಲ್ಲಿ ಹೇಳತೊಡಗಿದಳು: ಹತ್ತಿ ಹೊಲ, ಗೂಡು, ಕಿವಿ ಮುರಿದ ಕಪ್ಪು. ಯಾರಿಗೂ ಇದನ್ನು ಮೊದಲು ಹೇಳಿದವಳಲ್ಲ ಅವಳು. ನಡುವೆ ಶಬ್ದ ಸಿಗದೆ ನಿಂತಾಗ ಆಪಾ ಕಾಯುತ್ತಿದ್ದರು. ಕೊನೆಗೆ ಅವರು ಹೇಳಿದ್ದನ್ನು ಮಗಳು ನಮಗೆ ತಿಳಿಸಿದಳು: "ನನ್ನ ಮಗಳು ಪರದೇಶದಾಗ ಇದ್ದಿದ್ರ ನಾ ಆಕಿ ತಲಿದಿಂಬಿನ ಕೆಳಗೂ ಹಣಿಕಿ ನೋಡ್ತಿದ್ದೆ, ನಿಮ್ಮ ಆಯಿ ಬರೇ ಕಪ್ಪು ನೋಡ್ಲಿಕತ್ತಾರ, ಅಂತಾರ. ನಾಳಿ ಉರ್ಗುತ್‌ಗ ಅವರ ಅವ್ವನ ಮನಿಗಿ ಕರ್ಕೊಂಡು ಹೋಗ್ತಾರಂತ."

"ಮಾತು ಛಲೋ ಆಡ್ತಾಳ" ಎಂದಳು ಅವ್ವ. ಅವ್ವ ಮಾತಿಗೆ ಅಂಕ ಕೊಡುವವಳಲ್ಲ.

ಉರ್ಗುತ್

ಉರ್ಗುತ್ ಗುಡ್ಡದ ಬುಡದ ಊರು. ಆಪಾರ ತಾಯಿ ಅವ್ವನ ವಾರಿಗೆಯ ಅಜ್ಜಿ, ತಲೆಗೆ ಬಿಳಿ ವಸ್ತ್ರ, ಬಾಗಿದ ಬೆನ್ನು. ಹಿಪ್ಪುನೇರಳೆ ಮರದ ಕೆಳಗೆ ಕಂಬಳಿ ಹಾಸಿತ್ತು. ಹಣ್ಣು ಟಪ್ ಟಪ್ ಎಂದು ನಮ್ಮ ತಲೆಯ ಮೇಲೆಯೇ ಉದುರುತ್ತಿತ್ತು. ಅವ್ವ ಬೆರಳು ತೋರಿಸಿ ಹತ್ತಿ ಬಿಡಿಸುವ ಅಭಿನಯ ಮಾಡಿದಳು. ಅಜ್ಜಿ ಕೂಡಲೇ ತಮ್ಮ ಬೆರಳು ಮುಂದೆ ಚಾಚಿದರು. ಅವರೂ ಜೀವಮಾನವಿಡೀ ಹತ್ತಿ ಬಿಡಿಸಿದವರಂತೆ. ಇಬ್ಬರೂ ಉಗುರಿನ ಸಂದಿಯ ಹಳೆಯ ಗೀರುಗಳನ್ನು ಒಬ್ಬರಿಗೊಬ್ಬರು ತೋರಿಸುತ್ತ, ಒಬ್ಬರ ಭಾಷೆ ಒಬ್ಬರಿಗೆ ಬಾರದೆ, ಜೋರು ಜೋರಾಗಿ ಮಾತಾಡಿದರು.

ಚಹಾ ಬಂತು. ಆದರೆ ಮಂದಿ ಐವರು, ಪ್ಯಾಲಿ ಒಂದೇ. ಹಳ್ಳಿಯ ರೂಢಿ ಹಾಗೆ ಎಂದಳು ಪ್ರಜ್ಞಾ. ಪಟ್ಟಣದಲ್ಲಿ ಈಗ ಕಡಿಮೆಯಾಗಿದೆ, ಇಲ್ಲಿ ಮನೆಯವರೆಂದು ಅಂದುಕೊಂಡವರ ನಡುವೆ ಒಂದೇ ಪ್ಯಾಲಿ ಸುತ್ತುತ್ತದೆ. ಆಪಾ ಬಗ್ಗಿಸಿ ಮೊದಲು ತಾವು ಕುಡಿದರು. ಅದೇ ಪ್ಯಾಲಿಗೆ ಮತ್ತೆ ಬಗ್ಗಿಸಿ ನನಗೆ ಕೊಟ್ಟರು. ಕಪ್ಪಿನ ವಿಷಯದಲ್ಲಿ ನಾನು ಎಷ್ಟು ಮಡಿಯವಳೆಂದು ನನಗೆ ಆಗ ತಿಳಿಯಿತು. ಕಣ್ಣು ಮುಚ್ಚಿ ಕುಡಿದೆ. ಆಪಾ ಮತ್ತೆ ಬಗ್ಗಿಸಿದರು, ಅದೇ ಪ್ಯಾಲಿ ಅವ್ವನ ಕೈಗೆ ಬಂತು.

ಅವ್ವ ಆಪಾರ ಮುಖ ನೋಡಿದಳು. ಪ್ಯಾಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ, ಪೂರ್ತಿ ಕುಡಿದಳು. ಆ ದೇಶಕ್ಕೆ ಬಂದ ಮೇಲೆ ಪ್ಯಾಲಿಯಲ್ಲಿ ಅವಳು ಕುಡಿದ ಮೊದಲ ಚಹಾ ಅದು. ನನಗೆ ಹಗುರಾಯಿತು. ಇನ್ನು ಆಪಾರಿಗೆ ಪ್ಯಾಲಿ ತಿರುಗಿ ಕೊಡಬೇಕು, ಅವರು ಅಜ್ಜಿಗೆ ಬಗ್ಗಿಸಬೇಕು. ಅವ್ವ ಕೊಡಲಿಲ್ಲ. ಪ್ಯಾಲಿ ಹಿಡಿದುಕೊಂಡೇ ಎದ್ದಳು. ಅಂಗಳದ ಮೂಲೆಯ ನಲ್ಲಿಯ ಕಡೆ ನಡೆಯತೊಡಗಿದಳು.

ಏನಾಗುತ್ತಿದೆ ಎಂದು ನನಗೆ ಒಂದು ಕ್ಷಣದ ಮೇಲೆ ಹೊಳೆಯಿತು. ಆ ಕಾಲದಲ್ಲಿ, ಆ ಮನೆಗಳಲ್ಲಿ, ಕುಡಿದಾದ ಮೇಲೆ ಅವ್ವನಂಥವರು ತಮ್ಮ ಕಪ್ಪನ್ನು ತಾವೇ ತೊಳೆದು ಬೋರಲು ಹಾಕಿ ಹೋಗಬೇಕಿತ್ತು. ಅವರು ಕುಡಿದದ್ದನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ನಮ್ಮ ಮನೆಯಲ್ಲಿ, ನೆಂಟರ ಮನೆಗಳಲ್ಲಿ ಅವಳು ಹೀಗೆ ಎದ್ದದ್ದನ್ನು ನಾನು ಎಂದೂ ನೋಡಿಲ್ಲ. ಕಿವಿಯಿಲ್ಲದ್ದು ಕೈಗೆ ಬಂದದ್ದೇ ಕಾಲು ತಾನಾಗಿ ಎದ್ದಿತ್ತು.

ಅಜ್ಜಿ ಕೂತಲ್ಲಿಂದಲೇ ಕೈಚಾಚಿ ಅವ್ವನ ಸೆರಗು ಹಿಡಿದರು. ಅವರಿಗೆ ಹಿಂದಿನ ಕಥೆ ಏನೂ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. ತಮ್ಮ ಸರದಿಯ ಪ್ಯಾಲಿಯನ್ನು ಈ ನೆಂಟಳು ಎಲ್ಲಿಗೆ ಒಯ್ಯುತ್ತಿದ್ದಾಳೆ ಎಂಬ ಸಣ್ಣ ಸಿಟ್ಟು ಮುಖದಲ್ಲಿತ್ತು. ಅವ್ವನ ಕೈಯಿಂದ ಪ್ಯಾಲಿ ಕಿತ್ತುಕೊಂಡು ಮಗಳ ಮುಂದೆ ಹಿಡಿದರು. ಆಪಾ ಬಗ್ಗಿಸಿದರು. ಅಜ್ಜಿ ಅಂಚನ್ನು ಒರೆಸಲಿಲ್ಲ, ತಿರುಗಿಸಲೂ ಇಲ್ಲ. ಸೊರ್ರ್ ಎಂದು ಕುಡಿದು, ಬಾಯಿ ಒರೆಸಿಕೊಂಡು, ಉದುರಿದ ಹಣ್ಣೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡರು.

ಅವ್ವ ನಿಂತೇ ಇದ್ದಳು. ಬರಿಗೈ ಇನ್ನೂ ಪ್ಯಾಲಿ ಹಿಡಿದ ಹಾಗೇ ಇತ್ತು. ನಾನು ಅಳುತ್ತಿದ್ದೆ, ಆಪಾ ನನ್ನ ಬೆನ್ನು ಸವರುತ್ತಿದ್ದರು.

"ಆಕಿ ತೊಳೀಲಿಲ್ಲ" ಎಂದಳು ಅವ್ವ, ನನಗೆ ಮಾತ್ರ ಕೇಳುವಂತೆ.

"ಇಲ್ಲವ್ವ."

"ನಾ ತೊಳ್ಯಾಕ ಹೊಂಟಿದ್ದೆ. ಆಕಿ ಬಿಡಲಿಲ್ಲ."

"ಹೂಂ ಅವ್ವ. ಕೂಡ್ರು."

ಅವ್ವ ಕೂತಳು, ಈ ಸಲ ಅಜ್ಜಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಪ್ಯಾಲಿ ಆಗ ಪ್ರಜ್ಞಾಳ ಕೈಗೆ ಬಂದಿತ್ತು. ಅವಳು ಕುಡಿದು ಮುಗಿಸುವವರೆಗೂ ಅವ್ವ ಕಣ್ಣು ಕೀಳದೆ ನೋಡಿದಳು.

"ಪ್ರಜ್ಞಾ, ನೀ ಇಲ್ಲೇ ಓದು" ಎಂದಳು.